ಗಾಜು ಒಡೆದು ಬಂದ ಮೇಡಂ: ಹಾಂಗ್‌ಕಾಂಗ್‌ನ ನಾಲ್ಕು ಪೊಲೀಸ್ ಸಿನಿಮಾಗಳ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ಹೊಡೆದಾಟದ ಸಿನಿಮಾ ಅಂದ್ರೆ ನಿಮಗೆ ಇಷ್ಟ ಅನ್ನೋದಾದ್ರೆ ಈ ಪೆಟ್ಟಿಗೆ ನಿಮ್ಮ ಮನೆಯಲ್ಲಿ ಇರಲೇಬೇಕು. 88 ಫಿಲ್ಮ್ಸ್ ಅನ್ನೋ ಕಂಪನಿ 2023ರಲ್ಲಿ ಹೊರತಂದ ಬ್ಲೂ-ರೇ ಸೆಟ್ ಇದು. ಹೆಸರು 'ಇನ್ ದಿ ಲೈನ್ ಆಫ್ ಡ್ಯೂಟಿ', ಒಂದರಿಂದ ನಾಲ್ಕು. ಒಳಗೆ 1985ರಿಂದ 1989ರ ನಡುವೆ ಹಾಂಗ್‌ಕಾಂಗ್‌ನಲ್ಲಿ ತಯಾರಾದ ನಾಲ್ಕು ಸಿನಿಮಾಗಳಿವೆ. ನಾಲ್ಕರಲ್ಲೂ ಮುಖ್ಯ ಪಾತ್ರ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯದ್ದು. ಒಂದೊಂದೂ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಆದರೆ ನಾವು ನೋಡಿ ಮುಗಿಸೋಕೆ ಮೂರು ವಾರ ಹಿಡಿಯಿತು, ಯಾಕಂದ್ರೆ ಕೆಲವು ಫೈಟುಗಳನ್ನು ಐದಾರು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇವೆ.

'ನಾವು' ಅಂದ್ರೆ ನಾನು ಮತ್ತು ನನ್ನ ಚಿಕ್ಕಮ್ಮ. ಅವರು 1984ರಲ್ಲಿ ಪೊಲೀಸ್ ಇಲಾಖೆಗೆ ಕಾನ್‌ಸ್ಟೇಬಲ್ ಆಗಿ ಸೇರಿ, ಎಎಸ್‌ಐ ಆಗಿ ನಿವೃತ್ತಿ ಆದವರು. ಊರು ಹಾಸನ. ಮೊಣಕಾಲಿನ ಚಿಕಿತ್ಸೆಗೆ ಅಂತ ಮೈಸೂರಿಗೆ ಬಂದು ನನ್ನ ಮನೆಯಲ್ಲಿ ಉಳಿದಿದ್ದರು. ರಾತ್ರಿ ಊಟ ಆದ ಮೇಲೆ ಒಂದೊಂದು ಡಿಸ್ಕ್ ಹಾಕುತ್ತಿದ್ದೆ. ಇಂಗ್ಲಿಷ್ ಸಬ್‌ಟೈಟಲ್ ಅವರಿಗೆ ಅಷ್ಟು ಬೇಗ ಓದೋಕೆ ಆಗೋದಿಲ್ಲ, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಹತ್ತು ನಿಮಿಷ ಹೇಳಬೇಕಾಯಿತು, ಆಮೇಲೆ ಅವರೇ "ಸುಮ್ನಿರೇ, ಗೊತ್ತಾಗ್ತಿದೆ" ಅಂದರು.

ಹೆಸರುಗಳ ಗೊಂದಲ ಮೊದಲು ಬಿಡಿಸಿಬಿಡೋಣ. ಮೊದಲು ತಯಾರಾದದ್ದು 'ಯೆಸ್, ಮೇಡಂ', 1985ರಲ್ಲಿ. ಎರಡನೆಯದು 'ರಾಯಲ್ ವಾರಿಯರ್ಸ್', 1986. ಹೊರದೇಶಗಳಿಗೆ ಮಾರುವಾಗ ಎರಡನೆಯದಕ್ಕೆ ಒಂದು ಅಂತಲೂ ಮೊದಲನೆಯದಕ್ಕೆ ಎರಡು ಅಂತಲೂ ನಂಬರ್ ಹಾಕಿಬಿಟ್ಟರು. ಕಥೆಗೆ ಕಥೆ ಸಂಬಂಧ ಇಲ್ಲ, ಹಾಗಾಗಿ ಹೇಗೆ ನೋಡಿದರೂ ನಡೆಯುತ್ತದೆ. ಆದರೂ ತಯಾರಾದ ವರ್ಷದ ಪ್ರಕಾರವೇ ನೋಡಿ, ಒಂದರಿಂದ ಒಂದಕ್ಕೆ ಹೇಗೆ ಬೆಳೆದಿದೆ ಅಂತ ಗೊತ್ತಾಗುತ್ತದೆ. ಕ್ಯಾಂಟೊನೀಸ್ ಭಾಷೆಯಲ್ಲಿ ಈ ಸರಣಿಯ ಹೆಸರಿನ ಅರ್ಥ ಬೇರೆಯೇ ಇದೆ. ಅದರ ಮೊದಲ ಭಾಗಕ್ಕೆ ರಾಯಲ್ ಅನ್ನೋ ಅರ್ಥ, ಅಂದ್ರೆ ಬ್ರಿಟಿಷರ ಕಾಲದ ರಾಯಲ್ ಹಾಂಗ್‌ಕಾಂಗ್ ಪೊಲೀಸ್. ಅದರ ಜೊತೆಗಿರುವ 'ಸೀ-ಜೆ' ಅನ್ನೋ ಪದಕ್ಕೆ ಒಬ್ಬನೇ ಗುರುವಿನ ಬಳಿ ಕಲಿತವರಲ್ಲಿ ದೊಡ್ಡವಳು, ಅಕ್ಕ, ಅನ್ನೋ ಅರ್ಥ. ಕುಂಗ್‌ಫು ಗರಡಿಯ ಮಾತು ಅದು. ಅಲ್ಲಿನ ಜನ ಮಹಿಳಾ ಪೊಲೀಸರನ್ನೂ ಹಾಗೇ ಕರೆಯುತ್ತಾರೆ. ಇದನ್ನು ಹೇಳಿದಾಗ ಚಿಕ್ಕಮ್ಮನಿಗೆ ತುಂಬಾ ಖುಷಿಯಾಯಿತು. ಠಾಣೆಯಲ್ಲಿ ಹೊಸ ಹುಡುಗಿಯರು ಅವರನ್ನು ಎದುರಿಗೆ ಮೇಡಂ ಅಂದು, ಹಿಂದೆ ಅಕ್ಕ ಅಂತಲೇ ಕರೆಯುತ್ತಿದ್ದರಂತೆ.

ಈಗ 'ಯೆಸ್, ಮೇಡಂ' ವಿಷಯಕ್ಕೆ ಬರುತ್ತೇನೆ. ನಾಲ್ಕರಲ್ಲಿ ನನಗೆ ಜಾಸ್ತಿ ಹೇಳೋಕೆ ಇರೋದು ಇದರ ಬಗ್ಗೆಯೇ. ನಿರ್ದೇಶಕ ಕೋರಿ ಯೂನ್. ನಾಯಕಿ ಮಿಶೆಲ್ ಯೋ, 2023ರಲ್ಲಿ ಆಸ್ಕರ್ ಗೆದ್ದರಲ್ಲ, ಅವರೇ. ಆಗ ಟೈಟಲ್ ಕಾರ್ಡಿನಲ್ಲಿ ಮಿಶೆಲ್ ಖಾನ್ ಅಂತ ಹೆಸರಿತ್ತು. ಮಲೇಷ್ಯಾದ ಇಪೋ ಊರಿನವರು. ನಾಲ್ಕನೇ ವಯಸ್ಸಿನಿಂದ ಬ್ಯಾಲೆ ಕಲಿತು, ಲಂಡನ್‌ಗೆ ಹೋಗಿ ಅದನ್ನೇ ಓದುತ್ತಿದ್ದಾಗ ಬೆನ್ನುಮೂಳೆಗೆ ಪೆಟ್ಟಾಗಿ ಆ ದಾರಿ ಮುಚ್ಚಿಹೋಯಿತು. 1983ರಲ್ಲಿ ಮಿಸ್ ಮಲೇಷ್ಯಾ ಆದರು, ಆಮೇಲೆ ಜಾಕಿ ಚಾನ್ ಜೊತೆ ಒಂದು ವಾಚಿನ ಜಾಹೀರಾತು, ಅಲ್ಲಿಂದ ಸಿನಿಮಾ. ಕರಾಟೆ, ಕುಂಗ್‌ಫು ಯಾವುದನ್ನೂ ಮೊದಲು ಕಲಿತವರಲ್ಲ. ಈ ಸಿನಿಮಾಕ್ಕೆ ಅಂತ ಜಿಮ್‌ನಲ್ಲಿ ಸ್ಟಂಟ್ ಹುಡುಗರ ಜೊತೆ ಬಿದ್ದು ಎದ್ದು ಕಲಿತದ್ದು. ಇದನ್ನು ತಿಳಿದುಕೊಂಡು ನೋಡಿದರೆ ಆಕೆಯ ಕಾಲಿನಲ್ಲಿ ಎರಡೂ ಕಾಣುತ್ತದೆ. ಒದೆ ಎತ್ತುವಾಗ ಪಾದದ ತುದಿ ನೃತ್ಯಗಾರ್ತಿಯದ್ದು, ಇಳಿಸುವಾಗ ಹಿಮ್ಮಡಿ ಪೊಲೀಸಿನದ್ದು.

ಕೊನೆಯ ಫೈಟಿನಲ್ಲಿ ಒಂದು ಶಾಟ್ ಇದೆ. ಖಳನ ಬಂಗಲೆ, ಮಹಡಿಯ ಕಂಬಿ, ಕಂಬಿಯ ಕೆಳಗೆ ಗಾಜಿನ ಫಲಕ. ಮಿಶೆಲ್ ಕಂಬಿಗೆ ಕಾಲು ಸಿಕ್ಕಿಸಿ ಹಿಂದಕ್ಕೆ ವಾಲುತ್ತಾರೆ. ತಲೆಕೆಳಗು. ಬೆನ್ನು ಬಿಲ್ಲಿನಂತೆ ಬಗ್ಗುತ್ತದೆ, ತಲೆಯಿಂದಲೇ ಗಾಜು ಒಡೆದುಕೊಂಡು ಒಳಗೆ ಬರುತ್ತಾರೆ, ಎರಡು ಕೈಯಲ್ಲಿ ಇಬ್ಬರನ್ನು ಹಿಡಿದು ಎಳೆದು ಕೆಳಕ್ಕೆ ಉರುಳಿಸುತ್ತಾರೆ. ಎರಡು ಮೂರು ಸೆಕೆಂಡಿನ ಆಟ. ಹಳೇ ಡಿವಿಡಿಯಲ್ಲಿ ಇದನ್ನು ನೋಡಿದ್ದೆ, ಆಗ ಏನೋ ಒಡೆಯಿತು, ಯಾರೋ ಬಿದ್ದರು ಅಂತ ಮಾತ್ರ ಕಂಡಿತ್ತು. ಈ ಬ್ಲೂ-ರೇಯಲ್ಲಿ ಗಾಜಿನ ಚೂರುಗಳು ಆಕೆಯ ಕೂದಲಿನಲ್ಲಿ ನಿಲ್ಲೋದೂ ಕಾಣುತ್ತದೆ. ಡ್ಯೂಪ್ ಇಲ್ಲ, ಮುಖ ನಮ್ಮ ಕಡೆಗೇ ಇದೆ. ಬೆನ್ನುಮೂಳೆಗೆ ಪೆಟ್ಟಾಗಿ ನೃತ್ಯ ಬಿಟ್ಟವಳು ಅದೇ ಬೆನ್ನನ್ನು ಹೀಗೆ ಬಗ್ಗಿಸಿದ್ದಾಳೆ ಅಂತ ನೆನೆದು ನನಗೆ ಮೈ ಝುಂ ಅಂದಿತು. ಚಿಕ್ಕಮ್ಮ ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಹಾಕಿದರು. ಮೂರನೇ ಸಲ ನೋಡಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಹೊಡೆಯೋದನ್ನ ಯಾರು ಬೇಕಾದ್ರೂ ಕಲೀಬಹುದು ಪುಟ್ಟಿ. ಬೀಳೋದನ್ನ ಕಲಿಸೋಕೆ ನಮ್ಮ ಟ್ರೇನಿಂಗ್‌ನಲ್ಲಿ ಎಷ್ಟು ದಿನ ತಗೊಂಡ್ರು ಗೊತ್ತಾ?"

ಆ ಮಾತಾದ ಮೇಲೆ ಉಳಿದ ಮೂರು ಸಿನಿಮಾಗಳನ್ನು ನಾನು ಬೀಳೋದನ್ನೇ ನೋಡುತ್ತಾ ನೋಡಿದೆ. ನೀವೂ ಹಾಗೇ ನೋಡಿ. ಈ ಸಿನಿಮಾಗಳ ಜೀವ ಇರೋದು ಅಲ್ಲಿ. ಹೊಡೆತ ತಿಂದವಳು ನೆಲಕ್ಕೆ ಬೀಳುತ್ತಾಳೆ, ಭುಜ ಮೊದಲು ತಾಗುತ್ತದೆ, ಉರುಳುತ್ತಾಳೆ, ಒಂದು ಕ್ಷಣ ಉಸಿರು ಸಿಕ್ಕದೆ ಕೂರುತ್ತಾಳೆ, ಆಮೇಲೆ ಏಳುತ್ತಾಳೆ. ಕ್ಯಾಮೆರಾ ದೂರ ನಿಂತು ತಲೆಯಿಂದ ಕಾಲಿನವರೆಗೆ ಪೂರ್ತಿ ತೋರಿಸುತ್ತದೆ. ಅಷ್ಟು ಪೂರ್ತಿ ತೋರಿಸುವಾಗ ಮುಚ್ಚಿಡೋಕೆ ಜಾಗವೇ ಇರೋದಿಲ್ಲ, ಅಲ್ವಾ?

ಅದೇ ಸಿನಿಮಾದ ಇನ್ನೊಬ್ಬ ನಾಯಕಿ ಸಿಂಥಿಯಾ ರಾತ್‌ರಾಕ್, ಅಮೆರಿಕದವರು. ಸ್ಕಾಟ್‌ಲೆಂಡ್ ಯಾರ್ಡ್‌ನಿಂದ ಬಂದ ಅಧಿಕಾರಿಯ ಪಾತ್ರ. ಇದು ಅವರ ಮೊದಲ ದೊಡ್ಡ ಸಿನಿಮಾ. ಅವರ ಬಗ್ಗೆ ನನ್ನದೇ ಒಂದು ವಿಷಯ ಹೇಳಬೇಕು. ಹೈಸ್ಕೂಲಿನಲ್ಲಿ ನಾನು ಕರಾಟೆಗೆ ಸೇರಿದ್ದೆ. ನಮಗೆ ಹೇಳಿಕೊಡುತ್ತಿದ್ದವರು ಹುಡುಗರಿಗೆ ಎದುರುಬದುರು ಹೊಡೆದಾಡಿಸಿ, ಹುಡುಗಿಯರಿಗೆ ಮೂಲೆಯಲ್ಲಿ ಕಟಾ ಮಾತ್ರ ಮಾಡಿಸುತ್ತಿದ್ದರು. ಕಟಾ ಅಂದ್ರೆ ಎದುರಾಳಿ ಇಲ್ಲದೆ ಒಬ್ಬರೇ ಗಾಳಿಯಲ್ಲಿ ಮಾಡುವ ಪಟ್ಟುಗಳ ಸಾಲು. ಎರಡು ವರ್ಷ ಅದನ್ನೇ ಮಾಡಿ ಬೇಜಾರಾಗಿ ಬಿಟ್ಟೆ. ಕಟಾ ಅಂದ್ರೆ ಹುಡುಗಿಯರನ್ನು ಸುಮ್ಮನಿರಿಸೋಕೆ ಕೊಡುವ ಕೆಲಸ ಅಂತಲೇ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ರಾತ್‌ರಾಕ್ 1981ರಿಂದ 1985ರವರೆಗೆ ಚಾಂಪಿಯನ್ ಆಗಿದ್ದು ಅದರಲ್ಲೇ, ಕಟಾ ಮತ್ತು ಆಯುಧಗಳ ಪ್ರದರ್ಶನದಲ್ಲಿ. ಸಿನಿಮಾದಲ್ಲಿ ಹಿಂದಿನಿಂದ ಹಿಡಿದವನಿಗೆ ತನ್ನ ಭುಜದ ಮೇಲಿಂದಲೇ ಕಾಲೆತ್ತಿ ಮುಖಕ್ಕೆ ಒದೆಯುತ್ತಾರೆ, ಚೇಳು ಬಾಲ ಎತ್ತಿದ ಹಾಗೆ. ಅಷ್ಟು ನಿಖರವಾಗಿ ಆ ಕಾಲು ಅಲ್ಲಿಗೆ ಹೋಗಬೇಕಾದರೆ ಎಷ್ಟು ಸಾವಿರ ಸಲ ಗಾಳಿಯಲ್ಲಿ ಮಾಡಿರಬೇಕು ಅಂತ ಯೋಚಿಸಿದೆ. ಮೂಲೆಯಲ್ಲಿ ನಿಲ್ಲಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಕಟಾದ ಮೇಲಿದ್ದ ಸಿಟ್ಟು ಆ ರಾತ್ರಿ ಹೋಯಿತು.

ಕೋರಿ ಯೂನ್ ಬಗ್ಗೆಯೂ ಹೇಳಬೇಕು. ಅವರು, ಜಾಕಿ ಚಾನ್, ಸಾಮೊ ಹಂಗ್, ಯೂನ್ ಬಿಯಾವೊ ಎಲ್ಲರೂ ಚಿಕ್ಕಂದಿನಲ್ಲಿ ಒಂದೇ ಪೀಕಿಂಗ್ ಆಪೆರಾ ಶಾಲೆಯಲ್ಲಿ ಬೆಳೆದವರು. ಲಾಗ, ಕತ್ತಿವರಸೆ, ಹಾಡು, ಮುಖವರ್ಣಿಕೆ ಎಲ್ಲ ಒಟ್ಟಿಗೇ ಕಲಿತವರು. ಅದಕ್ಕೇ ಇವರ ಫೈಟಿಗೆ ತಾಳ ಇದೆ. ನಾಲ್ಕು ಹೊಡೆತ, ಒಂದು ನಿಲುವು, ಮತ್ತೆ ಮೂರು ಹೊಡೆತ, ಒಂದು ನಿಲುವು. ನಮ್ಮಲ್ಲಿ ತೆಂಕುತಿಟ್ಟಿನ ಯಕ್ಷಗಾನದ ಆಟ ನೋಡಿದವರಿಗೆ ಇದು ಥಟ್ಟಂತ ಹಿಡಿಯುತ್ತದೆ. ಧೀಂಗಿಣ ಹಾಕಿ ಹಾಕಿ ಒಂದು ಚೆಂಡೆಯ ಪೆಟ್ಟಿಗೆ ಸರಿಯಾಗಿ ವೇಷ ನಿಲ್ಲುತ್ತದಲ್ಲ, ಆ ನಿಲ್ಲುವಿಕೆಯಲ್ಲಿ ಇರುವ ಬಿಗಿ ಇಲ್ಲೂ ಇದೆ. ಕೋರಿ ಯೂನ್ 2022ರಲ್ಲೇ ತೀರಿಕೊಂಡಿದ್ದರು, ಲೋಕಕ್ಕೆ ಗೊತ್ತಾದದ್ದು 2024ರಲ್ಲಿ, ಜಾಕಿ ಚಾನ್ ಬರೆದ ಮೇಲೆ. ಹೆಂಗಸರಿಗೆ ಫೈಟ್ ಕಟ್ಟುವುದರಲ್ಲಿ ಅವರಷ್ಟು ಗೌರವ ಇಟ್ಟು ಕೆಲಸ ಮಾಡಿದವರು ಕಡಿಮೆ ಅಂತ ನನ್ನ ಅಭಿಪ್ರಾಯ.

ಕೊರತೆ ಇಲ್ಲ ಅಂತಲ್ಲ. 'ಯೆಸ್, ಮೇಡಂ'ನ ನಡುಭಾಗ ಪೂರ್ತಿ ಮೂವರು ಕಳ್ಳರ ಪಾಲಾಗಿದೆ. ಅವರ ಹೆಸರು ಆಸ್ಪಿರಿನ್, ಸ್ಟ್ರೆಪ್ಸಿಲ್, ಪ್ಯಾನಡಾಲ್. ಕೊಲೆಯಾದವನ ಕೋಣೆಯಿಂದ ಒಂದು ಪಾಸ್‌ಪೋರ್ಟ್ ಕದಿಯುತ್ತಾರೆ, ಅದರೊಳಗೆ ಮೈಕ್ರೋಫಿಲ್ಮ್ ಇರುತ್ತದೆ, ಅಲ್ಲಿಂದ ಗಲಾಟೆ. ಪ್ಯಾನಡಾಲ್ ಪಾತ್ರ ಮಾಡಿದವರು ನಿರ್ದೇಶಕ ತ್ಸುಯಿ ಹಾರ್ಕ್, ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಇಬ್ಬರು ಇನ್‌ಸ್ಪೆಕ್ಟರುಗಳು ಅಷ್ಟು ಹೊತ್ತು ಮರೆಯಾಗಿಬಿಡುತ್ತಾರೆ. ಬೇಜಾರು ಬರುತ್ತದೆ, ಮುಂದಕ್ಕೆ ಓಡಿಸಬೇಡಿ, ಕೊನೆಯ ಹದಿನೈದು ನಿಮಿಷಕ್ಕೆ ಆ ಮೂವರ ಮೇಲಿನ ಪ್ರೀತಿ ಬೇಕಾಗುತ್ತದೆ. ಮುಕ್ತಾಯ ಸಿಹಿಯಲ್ಲ ಅಂತ ಮಾತ್ರ ಹೇಳುತ್ತೇನೆ.

'ರಾಯಲ್ ವಾರಿಯರ್ಸ್' ಬೇರೆ ಜಾತಿಯ ಸಿನಿಮಾ. ನಗು ಕಡಿಮೆ, ರಕ್ತ ಜಾಸ್ತಿ. ವಿಮಾನದಲ್ಲಿ ಕೈದಿಯನ್ನು ಬಿಡಿಸಿಕೊಂಡು ಹೋಗುವ ಪ್ರಯತ್ನ, ಅದನ್ನು ತಡೆದ ಮೂವರ ಮೇಲೆ ಸತ್ತವರ ಹಳೇ ಯುದ್ಧದ ಗೆಳೆಯರ ಸೇಡು. ಜಪಾನಿನ ಹಿರೋಯುಕಿ ಸನಾಡಾ ಇದ್ದಾರೆ, ಎಷ್ಟು ಚಿಕ್ಕವರು ಆಗ! ಕಾರಿನ ಬಾಂಬ್ ದೃಶ್ಯ ನೋಡಿ ಚಿಕ್ಕಮ್ಮ ಎದ್ದು ಹೋಗಿ ನೀರು ಕುಡಿದು ಬಂದರು. ಮಕ್ಕಳ ಜೊತೆ ನೋಡಬೇಡಿ. ಇದರಲ್ಲೂ ನಾಯಕಿ ಮಿಶೆಲ್; ತಡೆದ ಮೂವರಲ್ಲಿ ಒಬ್ಬನಾದ ಮೈಕಲ್ ವಾಂಗ್ ಪಾತ್ರ ಆಕೆಯ ಹಿಂದೆ ಬೀಳೋದು ನನಗೆ ಹಿಡಿಸಲಿಲ್ಲ, ಆದರೆ ಆಕೆ ಕೆಲಸ ಬಿಟ್ಟು ಅವನ ಕಡೆ ತಿರುಗುವುದಿಲ್ಲ ಅನ್ನೋದು ಹಿಡಿಸಿತು.

ಇದಾದ ಮೇಲೆ ಮಿಶೆಲ್ 1988ರಲ್ಲಿ ನಿರ್ಮಾಪಕ ಡಿಕ್ಸನ್ ಪೂನ್ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. ಆ ಜಾಗಕ್ಕೆ ಬಂದದ್ದು ತೈವಾನಿನ ಹುಡುಗಿ. ಕಂಪನಿಯವರು ಇಟ್ಟ ಹೆಸರು ಸಿಂಥಿಯಾ ಖಾನ್. ಹೌದು, ಸಿಂಥಿಯಾ ರಾತ್‌ರಾಕ್‌ನ ಅರ್ಧ, ಮಿಶೆಲ್ ಖಾನ್‌ನ ಅರ್ಧ. ಬೇರೆಯವರ ಹೆಸರಿನ ಭಾರ ಹೊತ್ತುಕೊಂಡೇ ಕೆಲಸ ಶುರು ಮಾಡಬೇಕಾಯಿತು ಪಾಪ. ಆದರೆ ಮೂರನೇ ಸಿನಿಮಾದ ಮೊದಲ ಫೈಟಿನಲ್ಲೇ ಆಕೆ ತನ್ನದೇ ಹೆಸರು ಮಾಡಿಕೊಂಡಳು ಅಂತ ನಾನು ಹೇಳುತ್ತೇನೆ. ಆಗ ಹಾಂಗ್‌ಕಾಂಗ್‌ನ ಮಹಿಳಾ ಪೊಲೀಸರ ಸಮವಸ್ತ್ರ ಸ್ಕರ್ಟು. ಬೀದಿಯಲ್ಲಿ ಡ್ಯೂಟಿ ಮಾಡುತ್ತಿರುವ ಹುಡುಗಿ ಕಳ್ಳನ ಹಿಂದೆ ಓಡುತ್ತಾಳೆ. ಸ್ಕರ್ಟು ಬಿಗಿ, ಕಾಲು ಎತ್ತೋಕೆ ಆಗೋದಿಲ್ಲ. ಬಗ್ಗಿ ಅಂಚು ಹಿಡಿದು ಪರ್ ಅಂತ ಹರಿಯುತ್ತಾಳೆ, ಆಮೇಲೆ ಒದೆಯುತ್ತಾಳೆ.

ಇಲ್ಲಿ ಚಿಕ್ಕಮ್ಮ ಡಿಸ್ಕ್ ನಿಲ್ಲಿಸಿದರು. ಅವರ ಕಾಲದಲ್ಲಿ ಖಾಕಿ ಸೀರೆ. ಜಾತ್ರೆ ಬಂದೋಬಸ್ತಿಗೆ, ಗಲಾಟೆಗೆ, ಎಲ್ಲದಕ್ಕೂ ಸೀರೆಯೇ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಬೇಕು, ಸೆರಗಿಗೆ ಎರಡು ಪಿನ್ ಜಾಸ್ತಿ ಹಾಕಬೇಕು. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸರಗಳ್ಳನ ಹಿಂದೆ ಓಡುವಾಗ ನೆರಿಗೆ ಕಾಲಿಗೆ ಸಿಕ್ಕಿ ಮುಗ್ಗರಿಸಿ ಮೊಣಕಾಲು ಜಜ್ಜಿಕೊಂಡರಂತೆ. ಈಗ ಚಿಕಿತ್ಸೆಗೆ ಬಂದಿರೋದು ಅದೇ ಮೊಣಕಾಲು. 2018ರಲ್ಲಿ, ನೀಲಮಣಿ ರಾಜು ಅವರು ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದಾಗ, ಮಹಿಳಾ ಪೊಲೀಸರು ಡ್ಯೂಟಿಯಲ್ಲಿ ಸೀರೆ ಬದಲು ಪ್ಯಾಂಟು ಶರ್ಟು ಹಾಕಬೇಕು ಅಂತ ಸುತ್ತೋಲೆ ಬಂತು. ಆಗ ಚಿಕ್ಕಮ್ಮನಿಗೆ ಇನ್ನೈದು ವರ್ಷ ಸರ್ವಿಸ್ ಉಳಿದಿತ್ತು. ಮೊದಲ ದಿನ ಪ್ಯಾಂಟು ಹಾಕಿ ಠಾಣೆಯ ಮೆಟ್ಟಿಲು ಎರಡೆರಡಾಗಿ ಹತ್ತಿದೆ ಅಂತ ನನಗೆ ಆ ರಾತ್ರಿ ಹೇಳಿದರು. ಇಷ್ಟು ವರ್ಷದಲ್ಲಿ ಈ ಮಾತು ನಾನು ಕೇಳಿರಲೇ ಇಲ್ಲ. ಸ್ಕರ್ಟು ಹರಿಯುವ ದೃಶ್ಯವನ್ನು ಗ್ಲಾಮರ್ ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆ ಇಲ್ಲ. ಕೆಲಸಕ್ಕೆ ಅಡ್ಡ ಬಂದ ಬಟ್ಟೆಯನ್ನು ಕೆಲಸ ಮಾಡುವವಳು ಸರಿ ಮಾಡಿಕೊಂಡಳು, ಅಷ್ಟೇ.

ಉಳಿದಂತೆ ಮೂರನೇ ಸಿನಿಮಾದ ಕಥೆ ಸಾಧಾರಣ. ಆಭರಣ ದರೋಡೆ, ಜಪಾನಿನಿಂದ ಬರುವ ಸಿಟ್ಟಿನ ಪತ್ತೇದಾರ, ಹುಡುಗಿಗೆ ಏನಾಗುತ್ತೋ ಅಂತ ಹೆದರಿ ಅವಳನ್ನು ಕುರ್ಚಿಯಲ್ಲೇ ಕೂರಿಸಲು ನೋಡುವ ಮೇಲಧಿಕಾರಿ. ಆ ಮೇಲಧಿಕಾರಿ ಅವಳ ಸಂಬಂಧಿಕನೇ. ಚಿಕ್ಕಮ್ಮ ಅವನನ್ನು ನೋಡಿ ಏನೂ ಹೇಳಲಿಲ್ಲ, ತಲೆ ಅಲ್ಲಾಡಿಸಿದರು. ಖಳನಾಯಕಿ ಮಿಚಿಕೊ ನಿಶಿವಾಕಿ ಮಾತ್ರ ಕಣ್ಣು ಕೀಳದ ಹಾಗೆ ಮಾಡುತ್ತಾರೆ.

ನಾಲ್ಕನೆಯದು ಫೈಟಿನ ಲೆಕ್ಕದಲ್ಲಿ ಎಲ್ಲದಕ್ಕಿಂತ ಮೇಲೆ. 1989. ನಿರ್ದೇಶಕ ಯೂನ್ ವೂ-ಪಿಂಗ್, ಮುಂದೆ ಹತ್ತು ವರ್ಷಕ್ಕೆ ಹಾಲಿವುಡ್‌ನ 'ಮೇಟ್ರಿಕ್ಸ್'ಗೆ ಫೈಟ್ ಕಟ್ಟಿದವರು. ಸಿಂಥಿಯಾ ಖಾನ್ ಜೊತೆ ಡಾನಿ ಯೆನ್ ಇದ್ದಾರೆ. ಮಾದಕವಸ್ತು ವ್ಯವಹಾರಕ್ಕೆ ಸಾಕ್ಷಿಯಾದ ಒಬ್ಬ ಬಡಪಾಯಿ ಬಂದರು ಕೂಲಿ, ಅವನ ಹಿಂದೆ ಎಲ್ಲರೂ. ಸಿಯಾಟಲ್‌ನಲ್ಲಿ ಶುರುವಾಗಿ ಹಾಂಗ್‌ಕಾಂಗ್‌ಗೆ ಬರುತ್ತದೆ. ಓಡುತ್ತಿರುವ ಆಂಬುಲೆನ್ಸಿನ ಮೇಲೆ, ಪಕ್ಕದಲ್ಲಿ, ಎಲ್ಲ ಕಡೆ ಜೋತುಬಿದ್ದು ಸಿಂಥಿಯಾ ಹೊಡೆದಾಡುತ್ತಾಳೆ. ರಸ್ತೆ ಕೆಳಗೆ ಜಾರುತ್ತಾ ಇರುತ್ತದೆ, ಬೂಟಿನ ತುದಿ ಎಲ್ಲಿ ಊರಿದೆ ಅಂತ ನೋಡಿ. ಡಾನಿ ಯೆನ್ ಬಂದಾಗಲೆಲ್ಲ ಕ್ಯಾಮೆರಾ ಅವರ ಕಡೆ ವಾಲುತ್ತದೆ, ಅದೊಂದೇ ನನ್ನ ದೂರು. ಸರಣಿಯ ಹೆಸರೇ ಅಕ್ಕನದ್ದು, ಅವಳಿಗೆ ಕೊನೆಯಲ್ಲಿ ಇನ್ನಷ್ಟು ಜಾಗ ಬೇಕಿತ್ತು.

ಪೆಟ್ಟಿಗೆಯಲ್ಲಿ ಇಲ್ಲದ ಒಂದು ಸಿನಿಮಾ ಹೇಳದೆ ಬಿಟ್ಟರೆ ಮಾತು ಅರ್ಧ ಆಗುತ್ತದೆ. ಮಿಶೆಲ್ 1992ರಲ್ಲಿ ವಿಚ್ಛೇದನದ ನಂತರ ವಾಪಸ್ ಬಂದದ್ದು 'ಪೊಲೀಸ್ ಸ್ಟೋರಿ 3: ಸೂಪರ್‌ಕಾಪ್'ನಲ್ಲಿ, ಚೀನಾದ ಇನ್‌ಸ್ಪೆಕ್ಟರ್ ಯಾಂಗ್ ಆಗಿ, ಜಾಕಿ ಚಾನ್‌ಗೆ ಸರಿಸಮಾನವಾಗಿ. ಕ್ವಾಲಾಲಂಪುರದಲ್ಲಿ ಓಡುವ ರೈಲಿನ ಮೇಲಕ್ಕೆ ಬೈಕ್ ಹಾರಿಸುತ್ತಾರೆ. ಆ ಸಿನಿಮಾಕ್ಕಾಗಿಯೇ ಬೈಕ್ ಓಡಿಸೋಕೆ ಕಲಿತದ್ದು ಅವರು. ಕೊನೆಯಲ್ಲಿ ಹೆಸರುಗಳು ಬರುವಾಗ ತಪ್ಪಿಹೋದ ಶಾಟ್‌ಗಳನ್ನು ತೋರಿಸುತ್ತಾರೆ. ಅದರಲ್ಲಿ ಓಡುವ ವಾಹನದಿಂದ ಜಾಕಿಯ ಕಾರಿನ ಮೇಲೆ ಬಿದ್ದ ಮಿಶೆಲ್ ಅಲ್ಲಿ ನಿಲ್ಲದೆ ಜಾರಿ ರಸ್ತೆಗೇ ಬೀಳುತ್ತಾರೆ. ಅದನ್ನು ನೋಡುವಾಗ ಖುಷಿ ಆಗೋದಿಲ್ಲ, ಹೊಟ್ಟೆಯೊಳಗೆ ಹಿಡಿದುಕೊಳ್ಳುತ್ತದೆ.

ಈ ಬೀಳುವಿಕೆಯನ್ನು ನಾನು ಇಷ್ಟು ಹೊಗಳುತ್ತಿದ್ದೇನೆ, ಅದರ ಬೆಲೆಯನ್ನೂ ಹೇಳಬೇಕು. 1989ರ 'ಡೆವಿಲ್ ಹಂಟರ್ಸ್'ನಲ್ಲಿ ಕೊನೆಯ ಸ್ಫೋಟದ ಶಾಟ್ ಹೊತ್ತಿಗೆ ಮೂನ್ ಲೀ ಮತ್ತು ಸಿಬೆಲ್ ಹು ಇಬ್ಬರಿಗೂ ಸುಟ್ಟಗಾಯಗಳಾದವು. ಮಿಶೆಲ್ 1996ರ 'ದಿ ಸ್ಟಂಟ್ ವುಮನ್'ನಲ್ಲಿ ಸೇತುವೆಯಿಂದ ಹಾರಿ ಬೆನ್ನಿಗೆ ದೊಡ್ಡ ಪೆಟ್ಟು ಮಾಡಿಕೊಂಡರು. ನಮ್ಮಲ್ಲೂ 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ನೀರಿನಿಂದ ಮೇಲೆ ಬರಲೇ ಇಲ್ಲ. ಆ ಸುದ್ದಿ ಟಿವಿಯಲ್ಲಿ ನೋಡಿದ ಸಂಜೆ ನನಗೆ ಇನ್ನೂ ನೆನಪಿದೆ. ಹಾಗಾಗಿ ಇವತ್ತಿನ ಸಿನಿಮಾಗಳಲ್ಲಿ ಹೀಗೆ ಜೀವ ಪಣಕ್ಕಿಡಬೇಕು ಅಂತ ನಾನು ಖಂಡಿತ ಹೇಳೋದಿಲ್ಲ. ಮಾಡಿದವರು ಮಾಡಿದ್ದಾರೆ. ಅವರ ಕೆಲಸವನ್ನು ಕಣ್ಣಿಟ್ಟು ನೋಡೋಣ, ಅವರ ಹೆಸರು ಹೇಳೋಣ.

ನಡುವೆ ಒಂದು ದಿನ ನಮ್ಮ ಮಾತು ಮಾಲಾಶ್ರೀ ಕಡೆಗೆ ಹೋಯಿತು. ಹೋಗಲೇಬೇಕು ತಾನೇ! 1989ರಲ್ಲಿ, ಅಂದ್ರೆ ಈ ನಾಲ್ಕನೇ ಸಿನಿಮಾ ಬಂದ ವರ್ಷವೇ, ನಮ್ಮಲ್ಲಿ 'ನಂಜುಂಡಿ ಕಲ್ಯಾಣ' ಬಂದಿತ್ತು. ಎರಡು ವರ್ಷಕ್ಕೆ 'ಎಸ್.ಪಿ. ಭಾರ್ಗವಿ'. ಚಿಕ್ಕಮ್ಮ ಅದನ್ನು ಠಾಣೆಯ ಇನ್ನಿಬ್ಬರ ಜೊತೆ ರಜೆ ಹಾಕಿ ಹೋಗಿ ನೋಡಿದ್ದರು. ಅದೇ ಹೊತ್ತಿಗೆ ತೆಲುಗಿನಲ್ಲಿ ವಿಜಯಶಾಂತಿ 'ಕರ್ತವ್ಯಂ' ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡಿದ್ದರು. ಮಾಲಾಶ್ರೀ ಆಮೇಲೂ ಬಿಡಲಿಲ್ಲ, 2009ರಲ್ಲಿ 'ಕಿರಣ್ ಬೇಡಿ'ವರೆಗೂ ಖಾಕಿ ಹಾಕುತ್ತಲೇ ಬಂದರು. ನಮ್ಮ ಸಿನಿಮಾಗಳಲ್ಲಿ ಮಹಿಳಾ ಪೊಲೀಸಿನ ಬಲ ಇರೋದು ಮಾತಿನಲ್ಲಿ. ಮಂತ್ರಿಯ ಎದುರು ನಿಂತು ಟೋಪಿ ಸರಿ ಮಾಡಿಕೊಂಡು ಒಂದು ಡೈಲಾಗ್ ಹೊಡೆದರೆ ಥಿಯೇಟರ್ ಎದ್ದು ನಿಲ್ಲುತ್ತಿತ್ತು. ಫೈಟ್ ಬಂದರೆ ಹೊಡೆತ ಒಂದು ಶಾಟ್, ಬಿದ್ದವನು ಇನ್ನೊಂದು ಶಾಟ್. ಹಾಂಗ್‌ಕಾಂಗ್‌ನ ಮೇಡಂ ಮಾತೇ ಆಡೋದಿಲ್ಲ, ಎಲ್ಲ ಮೈಯಲ್ಲೇ. ಎರಡರಲ್ಲಿ ಯಾವುದು ಮೇಲು ಅಂತ ಕೇಳಿದೆ. "ಮಾಲಾಶ್ರೀ ನೋಡಿ ಬಂದ ಮಾರನೇ ದಿನ ನಾನು ಸಾಹೇಬ್ರ ಹತ್ರ ಜೋರಾಗಿ ಮಾತಾಡಿದ್ದೆ. ಇದನ್ನ ಆಗ ನೋಡಿದ್ದಿದ್ರೆ ಆ ಸರಗಳ್ಳನ್ನ ಬಿಡ್ತಿರ್ಲಿಲ್ಲ," ಅಂದರು. ನನಗೆ ಇದಕ್ಕಿಂತ ಸರಿಯಾದ ಉತ್ತರ ಸಿಕ್ಕಿಲ್ಲ.

ಇನ್ನು ಕೊಳ್ಳುವವರಿಗೆ. ಬ್ಲೂ-ರೇಗೆ ರೀಜನ್ ಅಂತ ಇರುತ್ತದೆ. ಭಾರತ ಸಿ ರೀಜನ್, ಅಮೆರಿಕ ಎ, ಬ್ರಿಟನ್ ಬಿ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ನಲ್ಲಿ ಅಲ್ಲಿಯ ಡಿಸ್ಕ್ ಓಡದೇ ಇರಬಹುದು. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇದ್ದರೆ ಮಾತ್ರ ದುಡ್ಡು ಹಾಕಿ. ನನ್ನ ಪೆಟ್ಟಿಗೆ ಅಮೆರಿಕದಿಂದ ರಜೆಗೆ ಬಂದ ಗೆಳತಿಯ ಸೂಟ್‌ಕೇಸಿನಲ್ಲಿ ಬಂದದ್ದು. ಅಗ್ಗ ಅಲ್ಲ. ಇದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಇದೇ ಸಿನಿಮಾಗಳ ಡಿವಿಡಿ ಅಂತ ತರಿಸಿ ಮೋಸ ಹೋಗಿದ್ದೆ. ಯಾರೋ ಟಿವಿಯಿಂದ ಇಳಿಸಿಕೊಂಡ ನಕಲು, ಎರಡು ಸಿನಿಮಾಗಳಲ್ಲಿ ಕೊನೆಯ ಫೈಟೇ ಕತ್ತರಿಸಿಹೋಗಿತ್ತು. ಕವರ್ ಚೆನ್ನಾಗಿದೆ, ಬೆಲೆ ಕಡಿಮೆ ಅಂತ ಬೀಳಬೇಡಿ.

ಕ್ಯಾಂಟೊನೀಸ್ ಧ್ವನಿಯಲ್ಲೇ ನೋಡಿ. ಇಂಗ್ಲಿಷ್ ಡಬ್ಬಿಂಗ್ ಕೂಡ ಇದೆ, ಆದರೆ ಅದರಲ್ಲಿ ಎಲ್ಲರೂ ರೇಡಿಯೋ ನಾಟಕದ ಹಾಗೆ ಮಾತಾಡುತ್ತಾರೆ. ಆ ಕಾಲದ ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ಮಾತನ್ನು ಚಿತ್ರೀಕರಣದ ನಂತರವೇ ಸೇರಿಸುತ್ತಿದ್ದರು, ಹಾಗಾಗಿ ತುಟಿಗೂ ಮಾತಿಗೂ ಅಲ್ಲಲ್ಲಿ ಹೊಂದೋದಿಲ್ಲ, ಅದು ಡಿಸ್ಕಿನ ತಪ್ಪಲ್ಲ. ಚಿತ್ರ ಅಚ್ಚುಕಟ್ಟಾಗಿದೆ. ರಾತ್ರಿ ದೃಶ್ಯಗಳಲ್ಲಿ ನಿಯಾನ್ ಬೋರ್ಡುಗಳ ಕೆಂಪು ಹಸಿರು ಮೊದಲ ಸಲ ಬಣ್ಣ ಅನ್ನಿಸಿಕೊಂಡು ಕಂಡಿತು. ಟಿವಿಯಲ್ಲಿ ಚಲನೆ ನಯ ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಫೈಟುಗಳು ಎಣ್ಣೆ ಹಚ್ಚಿದ ಹಾಗೆ ಜಾರುತ್ತವೆ, ಹೊಡೆತದ ತೂಕವೇ ಹೋಗುತ್ತದೆ. ಒಂದೇ ರಾತ್ರಿ ಸಿಗೋದಾದ್ರೆ ನಾಲ್ಕನೆಯದು ಹಾಕಿ. ಎರಡು ರಾತ್ರಿ ಆದ್ರೆ ಮೊದಲು 'ಯೆಸ್, ಮೇಡಂ'.

ಚಿಕ್ಕಮ್ಮ ಹೋದ ವಾರ ಹಾಸನಕ್ಕೆ ವಾಪಸ್ ಹೋದರು. ಪೆಟ್ಟಿಗೆ, ಪ್ಲೇಯರ್ ಎರಡೂ ಅವರ ಜೊತೆಗೇ ಹೋಗಿವೆ. ಜೊತೆಯಲ್ಲಿ ಕೆಲಸ ಮಾಡಿದ ಮೂವರು ಭಾನುವಾರ ಊಟಕ್ಕೆ ಬರುತ್ತಾರಂತೆ, ಎಲ್ಲರೂ ಸೀರೆ ಕಾಲದವರೇ. "ಆ ಸ್ಕರ್ಟು ಹರಿಯೋದು ಯಾವ ಡಿಸ್ಕ್‌ನಲ್ಲಿದೆ ಅಂತ ಬರೆದು ಕೊಡು" ಅಂದರು. ಮೂರನೆಯದರ ಮೇಲೆ ಚೀಟಿ ಅಂಟಿಸಿ, ಎಷ್ಟನೇ ನಿಮಿಷ ಅಂತಲೂ ಬರೆದು ಕಳಿಸಿದ್ದೇನೆ.